ಎರಡು ಯಲ್ದೂರು

ತೊಡೆಯ ಮೂಳೆಗೆ ರಾಡು ಹಾಕಿ ಹೊರಗೆ ತಂದರು.
ಎಕ್ಸ್‌ರೇ ಚೆನ್ನಾಗಿದೆ ಎಂದರು ಮೂಳೆ ಡಾಕ್ಟರು.
ಮೂಳೆಯ ವಿಷಯದಲ್ಲಿ ಅವರು ಸುಳ್ಳು ಹೇಳಲಿಲ್ಲ.

ರಾತ್ರಿ ಎರಡೂವರೆಗೆ ಇವರು ಎದ್ದು ಕೂತರು.
ಮಂಚದ ಕಂಬಿ ಎರಡು ಸಲ ತಟ್ಟಿ
ಒಳಗೆ ಹೋಗಿ, ಒಳಗೆ ಹೋಗಿ,
ಬಾಗಿಲಲ್ಲಿ ನಿಲ್ಲಬೇಡಿ ಎಂದರು.
ಬಾಗಿಲಲ್ಲಿ ಯಾರೂ ಇರಲಿಲ್ಲ.
ಗ್ಲೂಕೋಸಿನ ನಳಿಗೆಯನ್ನು ಗಂಟೆಯ ಹಗ್ಗವೆಂದು ಎಳೆದರು;
ರಕ್ತ ಬಂತು. ರೈಟ್, ಎಂದರು.
ಪಕ್ಕದ ಮಂಚದ ಬಂಗಾರಪೇಟೆ ಹುಡುಗ ನಕ್ಕ,
ಎರಡನೇ ರೈಟಿಗೆ ಅವನಿಗೂ ನಗು ಬರಲಿಲ್ಲ.

ಮೂವತ್ತೊಂದು ವರ್ಷ ಕೋಲಾರ–ಶ್ರೀನಿವಾಸಪುರ ಲೈನು.
ಯಾರಿಗೆ ಎಷ್ಟು ಚಿಲ್ಲರೆ ಬಾಕಿ ಎಂದು
ಟಿಕೆಟಿನ ಬೆನ್ನಿಗೆ ಬರೆಯದೆ ನೆನಪಿಟ್ಟ ಕಂಡಕ್ಟರ್ ಕದಿರಪ್ಪ
ಬೆರಳ ಸಂದಿಗೆ ಇಲ್ಲದ ನೋಟು ಮಡಿಸಿಟ್ಟು
ನನ್ನ ಮುಖ ನೋಡಿ ಕೇಳಿದರು:
ಅಮ್ಮಾ, ನಿಮ್ಮದೆಲ್ಲಿಗೆ?
ನಲವತ್ತಾರು ವರ್ಷದಲ್ಲಿ ಇವರು ನನಗೆ
ಬಹುವಚನ ಕೊಟ್ಟದ್ದು ಅದೇ ಮೊದಲು.

ವಾದ ಮಾಡಬೇಡಿ ಅಜ್ಜಿ, ಎಂದಳು ರಾತ್ರಿಪಾಳಿಯ ಶಾಹಿನಾ.
ಮತ್ತಿನ ಔಷಧವೋ, ನೋವೋ, ನಿದ್ದೆಗೆಟ್ಟದ್ದೋ,
ವಯಸ್ಸಾದವರಿಗೆ ಇಂಥದ್ದರಿಂದಲೇ ಅಂತ ಹೇಳಕ್ಕಾಗಲ್ಲ.
ಕನ್ನಡಕ ಹಾಕಿ. ಕಿವಿಯ ಮಿಷನ್ನು ಹಾಕಿ.
ಬೆಳಗಾದರೆ ಕಿಟಕಿ ತೆಗೆದು ಇವತ್ತು ಯಾವ ವಾರ ಹೇಳಿ.

ಕನ್ನಡಕ ಹಾಕಿದೆ.
ಎರಡು ಯಲ್ದೂರು, ಅಂದೆ.
ಇನ್ನೊಬ್ಬರೆಲ್ಲಿ?
ಹಿಂದೆ ಇದಾರೆ. ಬರ್ತಾರೆ.
ಮಾತ್ರೆ ಚೀಟಿಯ ಅಂಚು ಹರಿದು ಕೊಟ್ಟರು.

ನಾಲ್ಕನೇ ದಿನ ಬಂದರು. ಬಂದರು ಅಂದರೆ,
ಏಕವಚನದಲ್ಲಿ ನನ್ನನ್ನು ಗದರಿ ನೀರು ಕೇಳಿದರು.
ಡಾಕ್ಟರು ಕೇಳಿದ ವಾರ, ತಿಂಗಳು ಸರಿಯಾಗಿ ಹೇಳಿದರು.
ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಎಂದಾಗ
ತೊಂಬತ್ತಮೂರಕ್ಕೆ ನಿಂತು
ಸೊಂಟದ ಹತ್ತಿರ ಕೈ ತಡವಿದರು.
ಚೀಲ ಅಲ್ಲಿರುತ್ತಿತ್ತು.

ಈಗ ಮೂರು ತಿಂಗಳು.
ಮಾವಿನ ಲಾರಿಗಳು ಮುಗಿದು ಟೊಮೇಟೊ ಲಾರಿಗಳು ಓಡುತ್ತಿವೆ.
ಕೋಲು ಹಿಡಿದು ರಸ್ತೆಯ ತನಕ ನಡೆಯುತ್ತಾರೆ.
ಹಾಲಿನ ಲೆಕ್ಕ ನಾನೇ ಬರೆಯುತ್ತೇನೆ,
ಇವರು ಸ್ನಾನಕ್ಕೆ ಹೋದಾಗ.
ಸಂಜೆ ಮೊಮ್ಮಗಳಿಗೆ ಸ್ಟೇಜು ಒಪ್ಪಿಸುತ್ತಾರೆ:
ಇಟ್ಟಿಗೆ ಗೂಡು, ಜೋಡಿ ಹೊಂಗೆ, ಕೆರೆ ಕೋಡಿ, ಹಳೇ ಗೇಟು,
ಅಲ್ಲಿಂದ ನೇರ ಶ್ರೀನಿವಾಸಪುರ.
ಯಲ್ದೂರಲ್ಲಿ ನಿಲ್ಲಿಸುವುದಿಲ್ಲ.
ಯಲ್ದೂರು ನನ್ನ ತವರು.
ಇವರು ನನಗೆ ಮೊದಲ ಸಲ ಚಿಲ್ಲರೆ ಬಾಕಿ ಉಳಿಸಿದ್ದು ಅಲ್ಲಿ.
ಮೊಮ್ಮಗಳು ತಿದ್ದಲು ಬಾಯಿ ತೆರೆದರೆ
ಕಾಲಿನಿಂದ ಅವಳ ಕಾಲು ಒತ್ತುತ್ತೇನೆ.

ನಿನ್ನೆ ಆ ಚೀಟಿ ತೆಗೆದು ತೋರಿಸಿದೆ.
ಕನ್ನಡಕ ಏರಿಸಿ ಎರಡೂ ಮಗ್ಗುಲು ನೋಡಿದರು.
ಹಳೇದು ಇದು, ವಾಪಸ್ಸಿಗೆ ನಡೆಯಲ್ಲ,
ಎಂದು ನನ್ನ ಕೈಗೇ ಕೊಟ್ಟರು.
ತಮಾಷೆಯೋ ಏನೋ.
ನಾನು ನಕ್ಕೆ.
ಸ್ವಲ್ಪ ತಡವಾಗಿ, ಅವರೂ.