ಹೊರಗೆ ನಲವತ್ತು ನಿಮಿಷ

ಡೊಂಬಿವಲಿ ಪೂರ್ವ, ನೆಲಮಹಡಿ, ಎರಡು ಕೋಣೆ, ಒಂದು ಹಾಲ್.
ಬಾಗಿಲ ಮೇಲೆ ಸಂಸ್ಥೆಯ ಹೆಸರಿಲ್ಲ, ಅದು ನಾನೇ ಹಟ ಹಿಡಿದದ್ದು.
ಸಾಟಮ್, ಡಾಯಸ್, ಅಕೀಲ್, ಅಷ್ಟೇ.
ಅಕ್ಷರ ಡಾಯಸನದು, ತುಸು ವಾಲಿದೆ.

ಅವನ ಗಾಲಿಕುರ್ಚಿಗೆ ಹಲಗೆಯ ಇಳಿಜಾರು ಬೇಕೆಂದು
ಸೊಸೈಟಿಯ ಚೇರ್ಮನ್ನರಿಗೆ ನಾಲ್ಕು ಪತ್ರ ಬರೆದೆ.
ನೋಟ ಕೆಡುತ್ತದೆ ಎಂದರು.
ಈಗ ಅವರ ತಾಯಿಯೂ ಅದರ ಮೇಲೇ ಇಳಿಯುತ್ತಾರೆ.
ನಾನು ನಮಸ್ಕಾರ ಅನ್ನುತ್ತೇನೆ, ಮತ್ತೇನೂ ಅನ್ನುವುದಿಲ್ಲ.

ಮೇಲ್ವಿಚಾರಕ ಅಂದರೆ ಏನು ಕೆಲಸ ಎಂದು ಊರಿನವರು ಕೇಳಿದರೆ
ಹೇಳುವಂಥ ದೊಡ್ಡದೇನಿಲ್ಲ:
ಅಕೀಲನ ಫಿಟ್ಸಿನ ಗುಳಿಗೆ ಎಂಟಕ್ಕೆ, ಎಂಟೂಕಾಲಿಗಲ್ಲ.
ರಾತ್ರಿ ಪಾಳಿಯ ಸುರೇಖಾಬಾಯಿ ಮದುವೆಗೆಂದು ಚಿಪ್ಳೂಣಿಗೆ ಹೋದರೆ
ಆ ಪಾಳಿ ನನ್ನದು. ಒಗೆದ ರಬ್ಬರ್ ಶೀಟು ಮಳೆಗಾಲದಲ್ಲಿ ಒಣಗುವುದಿಲ್ಲ,
ಅದೂ ನನ್ನದು.
ತಿಂಗಳ ವರದಿಯಲ್ಲಿ ‘ಗುರಿ’ ಎಂಬ ಕಾಲಮ್ಮಿನ ಕೆಳಗೆ
ಸ್ವಾವಲಂಬನೆ ಎಂದು ಬರೆದು
ಫ್ರಿಜ್ಜಿಗೆ ಬೀಗ ಹಾಕಿ ಮಲಗುವುದು.

ಮೋರೇಶ್ವರ ಸಾಟಮ್, ವಯಸ್ಸು ಐವತ್ತಮೂರು.
ಮೂವತ್ತೊಂದು ವರ್ಷ ದೊಡ್ಡ ಗೋಡೆಯೊಳಗೆ ಇದ್ದು ಬಂದವನು.
ಬಂದ ಹೊಸತರಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ.
ಸಾಲಿನಲ್ಲಿ ಅವನೊಬ್ಬನೇ.
ನೀರು ಕುಡಿಯಲಾ? ಕುಡಿ.
ಕೂರಲಾ? ಕೂರು.
ಉಚ್ಚೆಗೆ ಹೋಗಲೂ ಕೈ ಎತ್ತುತ್ತಿದ್ದ.

ನನ್ನ ಸೊಂಟದಲ್ಲಿ ಹನ್ನೊಂದು ಕೀಲಿಕೈಗಳ ಗೊಂಚಲು.
ಅದರ ಸದ್ದು ಕೇಳಿದರೆ ಅವನ ಬೆನ್ನು ನೆಟ್ಟಗಾಗುತ್ತಿತ್ತು.
ಶಿಸ್ತು ಅಂದುಕೊಂಡಿದ್ದೆ, ಬಹಳ ದಿನ.

ಹನ್ನೆರಡಕ್ಕೆ ಕುಂದಾಪುರ ಬಿಟ್ಟವನು ನಾನು.
ಹಗಲು ಕ್ಯಾಂಟೀನಿನ ಲೋಟ, ಸಂಜೆ ಕನ್ನಡ ರಾತ್ರಿಶಾಲೆ,
ಆಮೇಲೆ ಮೇಜುಗಳ ಮೇಲೆ ಆರು ಹುಡುಗರ ನಿದ್ದೆ.
ಧಣಿ ಶಟರ್ ಎಳೆದು ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದರು.
ಕೆಟ್ಟವರಲ್ಲ, ಚೌತಿಗೆ ಅಂಗಿ ಹೊಲಿಸಿ ಕೊಟ್ಟವರು.
ನಾಲ್ಕೂವರೆಗೆ ಕೀಲಿ ತಿರುಗುವ ಸದ್ದಿಗೆ
ಆರೂ ಜನ ಎದ್ದು ನಿಂತಿರುತ್ತಿದ್ದೆವು,
ನೆಟ್ಟಗೆ.

ಒಂದು ಮಂಗಳವಾರ ಸ್ಟೇಷನ್ ಬದಿಯ ಕೀಲಿಯವನಲ್ಲಿ
ಮುಂಬಾಗಿಲಿನದು ಇನ್ನೊಂದು ಮಾಡಿಸಿದೆ.
ಕೆಂಪು ದಾರ ಕಟ್ಟಿ ಮೋರೇಶ್ವರನ ಕೈಗಿಟ್ಟೆ.
ಎರಡು ದಿನ ಅದನ್ನು ಎಡಮುಷ್ಟಿಯಲ್ಲಿಟ್ಟುಕೊಂಡೇ ಉಂಡ, ಮಿಂದ.
ಮೂರನೆಯ ದಿನ ಉಳಿದಿಬ್ಬರನ್ನು ವರ್ಕ್‌ಶಾಪಿನ ಗಾಡಿಗೆ ಹತ್ತಿಸಿ ಬಂದರೆ
ಬಾಗಿಲು ಬಂದ್.
ಒಳಗಡೆಯಿಂದ ಅವನದು ತೂತಿನಲ್ಲೇ ಇದೆ,
ನನ್ನ ಹನ್ನೊಂದರಲ್ಲಿ ಒಂದೂ ಹೋಗುವುದಿಲ್ಲ.

ಬಡಿದೆ. ಮರಾಠಿಯಲ್ಲಿ ಕರೆದೆ, ಹಿಂದಿಯಲ್ಲಿ ಕರೆದೆ,
ಗಾಬರಿಗೆ ನಮ್ಮ ಭಾಷೆಯೇ ಬಂತು: ಬಾಗ್ಲ್ ತೆಗಿ ಮಾರಾಯಾ!
ಎದುರು ಫ್ಲ್ಯಾಟಿನ ಬರ್ವೆ ಅಜ್ಜಿ ಇಣುಕಿ
ಪೊಲೀಸರಿಗೆ ಹೇಳಲಾ ಎಂದರು.

ಹಿಂದೆ ಓಡಿ ಅಡುಗೆಮನೆಯ ಕಿಟಕಿಗೆ ಮುಖವಿಟ್ಟೆ.
ಫ್ಯಾನು ಐದರ ಮೇಲೆ. ನನ್ನ ಕುರ್ಚಿಯಲ್ಲಿ ಮೋರೇಶ್ವರ,
ಸ್ಟೂಲಿನ ಮೇಲೆ ಕಾಲು.
ಸ್ವಲ್ಪ ಹೊತ್ತಿಗೆ ಎದ್ದ, ಫ್ರಿಜ್ಜು ತೆರೆದ
(ಅವತ್ತು ಬೀಗ ಮರೆತಿದ್ದೆ, ಮರೆತಿದ್ದೆ ಎಂದೇ ಆಫೀಸಿಗೆ ಹೇಳಿದ್ದೇನೆ)
ಬಾಟಲಿ ಎತ್ತಿ ಗಟಗಟ ಕುಡಿದ.
ಯಾರನ್ನೂ ಕೇಳಲಿಲ್ಲ.

ನಾನು ಬಂದು ಮೆಟ್ಟಿಲ ಮೇಲೆ ಕೂತೆ.
ಕಲ್ಯಾಣದ ಕಡೆಗೆ ಲೋಕಲ್‌ಗಳು ಹೋದವು, ಎಣಿಸಲಿಲ್ಲ.

ನಲವತ್ತು ನಿಮಿಷಕ್ಕೆ ಬಾಗಿಲು ಒಂದು ಗೇಣು ತೆರೆಯಿತು.
ಕೋಣ್ ಪಾಹಿಜೆ? ಅಂದ.
ಯಾರು ಬೇಕು.

ಸಾಟಮ್ ಇದ್ದಾರಾ, ಅಂದೆ.
ತುಸು ಯೋಚಿಸಿದ. ಇದ್ದಾರೆ.
ಚಪ್ಪಲಿ ಹೊರಗೆ ಬಿಡಿ.

ಘಟನಾ ವರದಿಯ ಹಾಳೆಯಲ್ಲಿ ‘ತಪ್ಪು ಯಾರದು’ ಎಂಬಲ್ಲಿ
ಇನ್ನೂ ಏನೂ ತುಂಬಿಲ್ಲ, ಆಫೀಸಿನಿಂದ ಎರಡು ಸಲ ಫೋನ್ ಬಂದಿದೆ.
ಡಾಯಸನಿಗೆ ಸಕ್ಕರೆ ಕಾಯಿಲೆ, ಕದ್ದು ಪೇಡೆ ತಿನ್ನುತ್ತಾನೆ,
ಹಾಗಾಗಿ ಫ್ರಿಜ್ಜಿನ ಬೀಗದ ಜಗಳ ಮುಗಿದಿಲ್ಲ.
ಗೊಂಚಲು ಮಾತ್ರ ಮೊಳೆಗೆ ಹೋಯಿತು.

ಈಗ ನಾನು ಬೆಲ್ ಒತ್ತುತ್ತೇನೆ.
ಕೆಲವು ದಿನ ಬೇಗ ತೆರೆಯುತ್ತಾರೆ.