ಒಂದು ನಕ್ಷತ್ರ ಕಡಿಮೆ

ಪಾವಗಡದ ಕೊನೇ ಬಸ್ಸು ಹೊರಟುಹೋದ ಮೇಲೆ
ತುಮಕೂರಿನ ಬಿ.ಎಚ್. ರಸ್ತೆ ಶಟರ್ ಎಳೆದುಕೊಳ್ಳುತ್ತದೆ.
ಕೌಂಟರಿನ ಹಿಂದೆ ನಾನು, ಒಂದು ಕರೆಗಂಟೆ,
ಮರದ ತುಂಡಿಗೆ ಕಟ್ಟಿದ ಹದಿನೆಂಟು ಬೀಗದ ಕೈ.
ರಿಜಿಸ್ಟರಿನ ಕೆಳಗೆ, ಮೊಬೈಲಿನಲ್ಲಿ, ಯಾರಿಗೂ ಕಾಣದಂತೆ
ಇಟಲಿ.

ನನ್ನ ಆಸೆಯಲ್ಲ ಇದು. ಗಂಗಮಾಳಮ್ಮನದು.
ಬೂಟಿನ ಆಕಾರದ ದೇಶ ಯಾವುದು ಎಂದು ಕೇಳಿದಾಗ
ಇಡೀ ಏಳನೇ ಕ್ಲಾಸಿನಲ್ಲಿ ಎದ್ದು ನಿಂತವಳು ಇವಳೊಬ್ಬಳೇ ಅಂತೆ,
ಮೇಷ್ಟ್ರು ಅರ್ಧ ಪೆನ್ಸಿಲ್ ಕೊಟ್ಟರಂತೆ.
ಆಗ ಕಾಲಿಗೆ ಚಪ್ಪಲಿ ಇರಲಿಲ್ಲ ಎನ್ನುವುದನ್ನು ಇವಳು ಹೇಳುವುದಿಲ್ಲ,
ಇವಳ ಅಣ್ಣ ಹೇಳಿದ್ದು.

ಚೀಟಿ ಎತ್ತಿದ್ದಾಯಿತು. ವಿಮಾನಕ್ಕೇ ಅರ್ಧ ಹೋಯಿತು.
ಉಳಿದದ್ದರಲ್ಲಿ ಹನ್ನೊಂದು ರಾತ್ರಿ ಮಲಗಬೇಕು.
ಮಲಗುವ ವಿಷಯ ನನಗೆ ಬಿಡು ಅಂದೆ,
ಇಪ್ಪತ್ತಾರು ವರ್ಷ ಬೇರೆಯವರನ್ನು ಮಲಗಿಸಿದವನು.

ಫೋಟೋ ತೋರಿಸಿದರೆ ಸಾಕು, ರೂಮು ಬಾಯಿಬಿಡುತ್ತದೆ.
ಮಂಚವನ್ನು ಬಾಗಿಲಲ್ಲೇ ನಿಂತು ತೆಗೆದಿದ್ದಾರೆಂದರೆ
ಒಳಗೆ ನಿಲ್ಲಲು ಜಾಗವಿಲ್ಲ.
ಗೋಡೆಯಲ್ಲಿ ಇಷ್ಟು ಕೆಳಗೆ ಯಾಕೆ ಸೂರ್ಯಕಾಂತಿಯ ಪಟ?
ಹಿಂದೆ ತೇವ ಹಿಡಿದಿದೆ; ನಮ್ಮ ಒಂಬತ್ತನೇ ನಂಬರಿನಲ್ಲಿ
ಆ ಕೆಲಸ ವೆಂಕಟರಮಣನ ಕ್ಯಾಲೆಂಡರು ಮಾಡುತ್ತದೆ.
'ಸ್ಟೇಷನ್ನಿನಿಂದ ಐದೇ ನಿಮಿಷ',
ನಮ್ಮ ಕಾರ್ಡಿನಲ್ಲೂ ಹಾಗೇ ಅಚ್ಚಾಗಿದೆ.
ಆ ಐದು ನಿಮಿಷ ರೂಂಬಾಯ್ ಜುಂಜಣ್ಣನದು,
ಕೈಯಲ್ಲಿ ಲಗೇಜಿಲ್ಲದೆ, ಓಡಿದರೆ.

ವೆನಿಸ್ಸಿನಲ್ಲಿ ನೀರಿನ ಪಕ್ಕದ ಕಿಟಕಿ
ನನ್ನ ಒಂದು ತಿಂಗಳ ಸಂಬಳ ಕೇಳುತ್ತದೆ, ಒಂದು ರಾತ್ರಿಗೆ.
ಸೇತುವೆಯ ಈಚೆ ಮೆಸ್ತ್ರೆಯಲ್ಲಿ ಇಳಿದುಕೊಂಡು
ರೈಲಿನಲ್ಲಿ ಹೋಗಿ ಬರುವುದು:
ಕ್ಯಾತ್ಸಂದ್ರದಲ್ಲಿ ಮಲಗಿ ತುಮಕೂರು ನೋಡಿದ ಹಾಗೆ.
ಫ್ಲಾರೆನ್ಸಿನಲ್ಲಿ ಕನ್ಯಾಸ್ತ್ರೀಯರ ಮಠವೊಂದಿದೆ,
ಎರಡು ಒಂಟಿ ಮಂಚ, ಬಿಳಿ ಗೋಡೆ, ಬ್ರೆಡ್ಡು ಕಾಫಿ ಸೇರಿ;
ರಾತ್ರಿ ಹತ್ತೂವರೆಗೆ ಬಾಗಿಲು ಭದ್ರ.
'ಮಠ ಅಂದ್ಮೇಲೆ ಊಟ ಹಾಕಲ್ವಾ?' ಅಂದಳು,
ಸಿದ್ಧಗಂಗೆಯ ಪಂಕ್ತಿಯಲ್ಲಿ ಉಂಡು ಬೆಳೆದ ತಮ್ಮಂದಿರ ಅಕ್ಕ.
ಹಾಕಲ್ಲ.
ಹುರಿಹಿಟ್ಟು ಎರಡು ಕೆ.ಜಿ. ಎಂದು ಬರೆದುಕೊಂಡೆ.

ರೋಮ್ ಮಾತ್ರ ಮೂರು ರಾತ್ರಿ ಸತಾಯಿಸಿತು.
ನಾಲ್ಕನೇ ಮಹಡಿ, ಲಿಫ್ಟಿಲ್ಲ: ಇವಳ ಮಂಡಿ.
ಎಂಟು ಜನಕ್ಕೊಂದು ಕೋಣೆ: ನನ್ನ ಗೊರಕೆ.
ತಲೆಗಿಷ್ಟು ಅಂತ ಊರಿನ ತೆರಿಗೆ ಬೇರೆ,
ಬೆಲೆಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ.
ಆಮೇಲೆ ಸ್ಟೇಷನ್ ಹಿಂದಿನ ಗಲ್ಲಿಯ ಒಂದು ಲಾಡ್ಜಿನ ಬಗ್ಗೆ
ಯಾರೋ ಸಿಟ್ಟಿನಲ್ಲಿ ಬರೆದದ್ದು ಸಿಕ್ಕಿತು:
'ರಾತ್ರಿ ಎರಡಕ್ಕೆ ತಲುಪಿದೆವು. ಕೌಂಟರಿನ ಮುದುಕ ನಿದ್ದೆ ಹೊಡೆಯುತ್ತಿದ್ದ.
ಮೂರು ಸಲ ಗಂಟೆ ಬಾರಿಸಬೇಕಾಯಿತು.
ಒಂದು ನಕ್ಷತ್ರ ಕಡಿಮೆ.'

ಓದಿದೆ. ಇನ್ನೊಮ್ಮೆ ಓದಿದೆ.
ಮೂರನೇ ಗಂಟೆಗೆ ಎದ್ದನಲ್ಲ, ಅದಕ್ಕೆ ನಕ್ಷತ್ರವಿಲ್ಲ.
ಎದ್ದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು,
ನಗುವೊಂದನ್ನು ಎಲ್ಲಿಂದಲೋ ತಡಕಿ ತಂದು,
ಬಲಗಡೆ ಮೆಟ್ಟಿಲು, ಬಿಸಿನೀರು ಆರರಿಂದ ಎಂಟು
ಅಂದಿರುತ್ತಾನೆ.
ಅಲ್ಲೇ ರೂಮು ಹಿಡಿದೆ.

'ಅವ್ರಿಗೇನ್ ತಗಂಡೋಗಾಣ, ಚಟ್ನಿಪುಡಿ?'
ಬೆಳಿಗ್ಗೆ ಕಾಫಿ ಸೋಸುತ್ತಾ ಕೇಳಿದಳು.
ಇರಲಿ ಅಂದೆ. ನನ್ನ ಲೆಕ್ಕ ಬೇರೆಯಿದೆ:
ಒಂದು ರಾತ್ರಿ, ಎರಡು ಗಂಟೆಯ ಹೊತ್ತು
ಅವನ ಸ್ಟೂಲಿನ ಮೇಲೆ ನಾನು ಕೂರುತ್ತೇನೆ,
ನಮ್ಮ ಮಂಚದಲ್ಲಿ ಅವನು ಕಾಲು ಚಾಚಲಿ.
ಇವಳನ್ನು ಆಗ ಎಲ್ಲಿಗೆ ಕಳಿಸುವುದು,
ಅದೊಂದು ಇನ್ನೂ ಬಗೆಹರಿದಿಲ್ಲ.
ಭಾಷೆ? ಬೀಗದ ಕೈ ಕೊಡುವುದಕ್ಕೆ ಎಂಥ ಭಾಷೆ.

ಟಣ್.
ಯಾರೋ ಶಿರಾ ಕಡೆಯವರು,
ಹೆಗಲ ಮೇಲೆ ಮಗು ನಿದ್ದೆ ಹೋಗಿದೆ.
'ಎಷ್ಟ್ ಸಲ ಬಾರಿಸ್ಬೇಕ್ರೀ?'
ಗಡಿಯಾರದಲ್ಲಿ ಎರಡೂ ಹತ್ತು.
ಗುಂಡಿ ಹಾಕಿಕೊಂಡೆ.