ಬಿಕ್ಕಲಂ

ನಲವತ್ತೊಂದು ವರ್ಷ ‘ನಾನು’ ಎಂದು ಬರೆದಿದ್ದೇನೆ,
ಒಂದು ಸಲವೂ ಅದು ನಾನಲ್ಲ.
ಶಿವಮೊಗ್ಗ ಕಚೇರಿ ಕಾಂಪೌಂಡಿನ ಹುಣಸೆಯಡಿ
ಮಡಚುವ ಮೇಜು, ಛಾಪಾ ಕಾಗದ,
ಗಾಳಿಗೆ ಹಾರದಂತೆ ತುಂಗೆಯಿಂದ ತಂದ ನುಣ್ಣನೆ ಕಲ್ಲು.
ನಾನು ನನ್ನ ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ
ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ—
ಮಾರಿದವನು ಅಳುತ್ತ ನಿಂತಿರುತ್ತಾನೆ.
ಚೆಕ್ಕುಬಂದಿ ಬರೆಯುತ್ತೇನೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದಾಯಾದಿ.
ಸಾಕ್ಷಿಗಳ ಹೆಬ್ಬೆಟ್ಟೂ ಒಣಗಿದ ಮೇಲೆ
ತೀರ ಕೆಳಗೆ, ಇರುವೆ ಸಾಲಿನಷ್ಟು ಸಣ್ಣಗೆ:
ಬಿಕ್ಕಲಂ, ಸಮಾಧಾನಪ್ಪ.

ಭಾನುವಾರ ಆರಾಧನೆಯಲ್ಲಿ ಹೆಸರುಗಳ ಪಟ್ಟಿ ಬಂದರೆ
ಅಯ್ಯನವರು ಬೇಗ ಬೇಗ ಓದಿ ಮುಗಿಸುತ್ತಾರೆ.
ನನಗೆ ಅಲ್ಲೇ ಕಿವಿ ನಿಮಿರುವುದು.
ರೋಮಿನವರಿಗೆ ಹೋದ ಆ ಉದ್ದನೆ ಕಾಗದ,
ಪಂಡಿತರು ಇನ್ನೂ ತಲೆ ಕೆಡಿಸಿಕೊಳ್ಳುವ ಕಾಗದ,
ಹೇಳಿದವನು ಡೇರೆ ಹೊಲಿಯುವ ಗುರು.
ಬರೆದವನು ಬೇರೆ.
ತೆರ್ತ್ಯ ಅಂತ. ಅವರ ಭಾಷೆಯಲ್ಲಿ ‘ಮೂರನೆಯವನು’.
ಎಣಿಸಿ ಇಟ್ಟ ಹೆಸರು, ಎತ್ತಿಗೆ ನಂಬರು ಹೊಡೆದ ಹಾಗೆ.
ಗುಲಾಮನಿದ್ದಿರಬೇಕು ಎನ್ನುತ್ತಾರೆ ತಿಳಿದವರು.
ಆಚೆ ಸಾಲಿನಲ್ಲಿ ನಾಲ್ಕನೆಯವನೂ ಇದ್ದಾನೆ, ಕ್ವರ್ತ.
ಅಣ್ಣತಮ್ಮಂದಿರೋ, ಒಂದೇ ಹಟ್ಟಿಯ ಆಳುಗಳೋ,
ಬರೆದಿಟ್ಟವರಿಲ್ಲ.

ಕೊರಿಂಥ. ಯಾರೋ ಉಳ್ಳವನ ಪಡಸಾಲೆ.
ಹಡಗು ಹೊರಡದ ಚಳಿಗಾಲ ಎಂದಿಟ್ಟುಕೊಳ್ಳಿ.
ಮಸಿ ಎಂದರೆ ದೀಪದ ಕಾಡಿಗೆ, ಮರದ ಅಂಟು; ಲೇಖನಿ ಜೊಂಡು.
ಹೇಳುವವನಿಗೆ ನಡೆದಾಡುವ ಅಭ್ಯಾಸ ಇದ್ದೀತು,
ಒಂದು ವಾಕ್ಯ ಅರ್ಧಕ್ಕೇ ಬಿಟ್ಟು ಇನ್ನೊಂದು ಹಿಡಿಯುತ್ತಾನೆ
ಥೇಟು ನನ್ನ ಕಕ್ಷಿದಾರರ ಹಾಗೆ.
ರೋಮಿನಲ್ಲಿ ಆಗ, ದೊರೆ ಓಡಿಸಿದ್ದ ಯೆಹೂದ್ಯರು
ದೊರೆ ಸತ್ತ ಮೇಲೆ ಮರಳಿದ್ದರಂತೆ.
ಬಂದು ನೋಡಿದರೆ ಪಂಕ್ತಿಯ ತುಂಬ ಬೇರೆಯವರು,
ಮಾಂಸ ತಿನ್ನುವವರು,
ಸೊಪ್ಪಷ್ಟೇ ತಿನ್ನುವವರನ್ನು ಕಂಡು ನಗುವವರು.
ಊಟದ ಜಗಳವೂ ಸೇರಿ ಅಷ್ಟುದ್ದ ಕಾಗದ.

ಎಷ್ಟೋ ದಿನ ಅವನೂ ಇನ್ನೊಬ್ಬನ ‘ನಾನು’ ಬರೆದ.
ಮುಗಿಯುವ ಹೊತ್ತಿಗೆ ಗುರು ನೀರು ಕುಡಿಯಲು ಎದ್ದನೋ,
ನೀನೂ ಒಂದು ಮಾತು ಹಾಕಪ್ಪ ಎಂದನೋ,
ಒಂದೇ ಒಂದು ಸಾಲು
ಕೈ ತನ್ನ ಮಾತು ತಾನೇ ಆಡಿತು:
ಬರೆದವನು ನಾನು, ನನ್ನದೂ ನಮಸ್ಕಾರ.

ಕೋಟೆ ಅರಮನೆ ಅಂಗಳದ ಶಾಸನಗಳಲ್ಲೂ ಹುಡುಕಿದ್ದೇನೆ.
ಕೊಟ್ಟವರು ಮೊದಲು, ಅಳುಪಿದವರಿಗೆ ಶಾಪ ಆಮೇಲೆ,
ಕಟ್ಟಕಡೆಗೆ, ಕಲ್ಲು ಸವೆದಲ್ಲಿ, ‘ಬರೆದಂ’—
ಮುಂದಿನ ಅಕ್ಷರ ಹೋಗಿದೆ.

ಹೋದ ಮಂಗಳವಾರ ಗುತ್ಯಮ್ಮ ಬಂದಳು.
ಮುಳುಗಡೆಯಲ್ಲಿ ಎದ್ದು ಬಂದ ಮನೆಯವಳು.
ಪತ್ರ ಅಲ್ಲ, ಕಾಗದ ಬೇಕು ಎಂದಳು.
ಹಿನ್ನೀರಿನಾಚೆ ತುಮರಿ ಕಡೆ ಅಕ್ಕ.
ಯಾವುದೋ ಮದುವೆಯಲ್ಲಿ ಯಾರ ಎಲೆಗೆ ಮೊದಲು ಬಡಿಸಿದರು ಎಂದು
ಹದಿನೇಳು ವರ್ಷ ಮಾತಿಲ್ಲ.
‘ಲಾಂಚು ಸಿಗಲಿಲ್ಲ ಅನ್ನೋ ನೆವ ಇತ್ತು, ಈಗ ಸೇತುವೇನೇ ಆಗಿದೆ.
ಫೋನಲ್ಲಾದ್ರೆ ನಡುವೆ ಬಾಯಿ ಹಾಕ್ತಾಳೆ,
ಕಾಗದ ಆದ್ರೆ ಪೂರ್ತಿ ಕೇಳ್ಬೇಕು.
ನಾನೇ ಒಯ್ತೀನಿ. ಯಾವುದಾದ್ರೂ ಹುಡುಗನ ಹತ್ರ ಓದಿಸಿ
ಜಗಲಿ ಮೇಲೆ ಕೂತಿರ್ತೀನಿ.’

ರೋಮಿಗೆ ಒಯ್ದವಳೂ ಹೆಣ್ಣೇ, ಫೊಯಿಬೆ.
ಗಂಟಿನೊಳಗೆ ಆ ಸುರುಳಿ, ಸುತ್ತ ಸಮುದ್ರ.

ನಾನು ಎಂದು ಬರೆದೆ. ಅವಳು ಅತ್ತಾಗ ಕೈ ತಡೆದೆ.
ರೂಢಿಗೆ ‘ಸ್ವಸಂತೋಷದಿಂದ’ ಎಂದು ಬಿದ್ದುಹೋಗಿತ್ತು.
ಹೊಡೆದುಹಾಕಲು ಹೋದರೆ,
ಇರಲಿ ಬಿಡಿ, ಎಂದಳು. ಅದು ನಿಜ.

ಮಡಚುವ ಮುಂಚೆ ಕೇಳಿದಳು:
ನಿಮ್ಮ ಹೆಸರು ಹಾಕಲ್ವಾ? ಯಾರ ಹತ್ರ ಬರೆಸ್ದೆ ಅಂತ ಕೇಳ್ತಾಳೆ.
‘ಬಿಕ್ಕ’ ಎಂದು ಹೊರಟ ಲೇಖನಿ ಅಲ್ಲೇ ನಿಂತಿತು.
ಹಿಂದೆ ಇಬ್ಬರು ಕಾಯುತ್ತಿದ್ದರು, ಒಬ್ಬ ಗಡಿಯಾರ ನೋಡಿದ.
ಆ ಊರು ನೋಡಿಲ್ಲ ನಾನು, ಆ ಅಕ್ಕನನ್ನು ಕಂಡಿಲ್ಲ.
ಅಮ್ಮಾ, ಇದನ್ನು ಬರೆದವನು ಸಮಾಧಾನಪ್ಪ—
ಅಷ್ಟು ಬರೆದು, ಮುಂದೇನೂ ಹೊಳೆಯದೆ,
ನಿಮ್ಮ ಕಡೆ ಮಳೆ ಹಿಡಿಯಿತೆ
ಎಂದು ಕೇಳಿದೆ.